ರೊಟ್ಟಿ ಮನೆಯ ನಾಯಿಗೆ 14 ದಿನ ರೊಟ್ಟಿ ಬಂದ್

ನಮ್ಮ ಮನೆಯಲ್ಲಿ ಬೆಳಗ್ಗೆ ಐದಕ್ಕೇ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತದೆ. ಕಲಬುರಗಿಯ ಬ್ರಹ್ಮಪುರದಲ್ಲಿ ನಾನು, ನಮ್ಮ ಅತ್ತೆ, ಓಣಿಯ ಇನ್ನಿಬ್ಬರು ಹೆಣ್ಣುಮಕ್ಕಳು ಸೇರಿ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತೇವೆ. ಮುರಿದ ರೊಟ್ಟಿ, ಸೀದ ರೊಟ್ಟಿ ಎಲ್ಲ ಕಾಳ್ಯಾನ ಪಾಲು. ಐದು ವರ್ಷದ ಹಿಂದೆ ಮಳೆಯಲ್ಲಿ ತೊಯ್ದು ನಮ್ಮ ಕಟ್ಟೆಗೆ ಬಂದ ಕರಿ ಮರಿ ಅದು. ಯಾವ ಜಾತಿಯೂ ಅಲ್ಲ, ನಮ್ಮ ಓಣಿಯ ನಾಯಿ.

ಮೂರು ವರ್ಷ ಗಟ್ಟಿಮುಟ್ಟಾಗಿ 14 ಕೆ.ಜಿ. ಇದ್ದ. ಆಮೇಲೆ ಜುಲಾಬು ಹಿಡಿಯಿತು. ನಾಲ್ಕು ದಿನ ಸರಿ, ಮತ್ತೆ ಎಂಟು ದಿನ ನೀರು ನೀರು. ಒಮ್ಮೊಮ್ಮೆ ಲೋಳೆ, ಲೋಳೆಯ ಮೇಲೆ ಕೆಂಪು ಗೆರೆ. ರಾತ್ರಿ ಎರಡಕ್ಕೆ ಬಾಗಿಲು ಕೆರೆಯುತ್ತಿದ್ದ. ಎದ್ದು ಬಾಗಿಲು ತೆಗೆದರೆ ಹೊರಗೆ ಓಡಿ ಕೂತು ಮುಕ್ಕುತ್ತಿದ್ದ, ಅಂದರೆ ತಿಣುಕುತ್ತಿದ್ದ, ಬರುವುದು ಮಾತ್ರ ಒಂದು ಚಮಚದಷ್ಟು. ಬೆನ್ನಿನ ಮೇಲೆ ಕೈಯಾಡಿಸಿದರೆ ಎಲುಬು ಒಂದೊಂದಾಗಿ ಎಣಿಸಬಹುದಿತ್ತು. ತೂಕ ಹನ್ನೊಂದೂವರೆಗೆ ಇಳಿದಿತ್ತು.

ಔಷಧಿ ಕೊಡಿಸಲಿಲ್ಲ ಅಂತಲ್ಲ. ಜಂತಿನ ಗುಳಿಗೆ ಆಯಿತು. ಮೆಟ್ರೋನಿಡಜೋಲ್ ಅನ್ನುವ ಜುಲಾಬಿನ ಗುಳಿಗೆ ಆಯಿತು, ಅದೂ ಮೂರು ಸಲ. ಗುಳಿಗೆ ನಡೆಯುವಷ್ಟು ದಿನ ಗಟ್ಟಿ, ನಿಲ್ಲಿಸಿದ ವಾರಕ್ಕೆ ಮತ್ತೆ ಅದೇ ಕಥೆ. ಒಂದು ದವಾಖಾನೆಯಲ್ಲಂತೂ ಏನು ತಿನ್ನುತ್ತದೆ ಅಂತ ಒಂದು ಮಾತು ಸಹ ಕೇಳದೆ ಸೂಜಿ ಚುಚ್ಚಿ ಕಳಿಸಿದರು. ಈಗ ನೆನೆಸಿಕೊಂಡರೂ ಹೊಟ್ಟೆ ಉರಿಯುತ್ತದೆ. ಆ ಒಂದು ಪ್ರಶ್ನೆ ಅವತ್ತೇ ಕೇಳಿದ್ದರೆ ನಮ್ಮ ಕಾಳ್ಯಾನ ಒಂದು ವರ್ಷ ಉಳಿಯುತ್ತಿತ್ತು.

ಕೊನೆಗೆ ಒಂದು ಟಂಟಂ ಮಾಡಿಕೊಂಡು ಹುಮನಾಬಾದ್ ಮೇಲಿಂದ ಬೀದರ್‌ಗೆ ಹೋದೆವು. ಅಲ್ಲಿ ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜು ಇದೆಯಲ್ಲ, ಅಲ್ಲಿನ ಆಸ್ಪತ್ರೆಗೆ. ಸಂಡಾಸಿನ ಪರೀಕ್ಷೆ, ರಕ್ತ ಪರೀಕ್ಷೆ, ಉಣ್ಣೆ ಹುಳ ಕಚ್ಚಿ ಬರುವ ಜ್ವರದ ಪರೀಕ್ಷೆ ಎಲ್ಲ ಆಯಿತು. ಜಂತು ಇಲ್ಲ, ಜ್ವರ ಇಲ್ಲ. ಡಾಕ್ಟರ್ ಹೇಳಿದ್ದು ಇಷ್ಟು: ಮೂರು ವಾರ ದಾಟಿದ ಜುಲಾಬಿಗೆ ಕರುಳಿನ ಹಳೇ ಉರಿಯೂತವೇ ಕಾರಣ ಇರಬಹುದು, ಇಂಥ ನಾಯಿಗಳಲ್ಲಿ ಬಹಳಷ್ಟು ಬರೀ ಊಟ ಬದಲಿಸಿದರೇ ಸುಧಾರಿಸುತ್ತವೆ, ಸ್ಟಿರಾಯ್ಡ್‌ಗೆ ಕೈ ಹಾಕುವ ಮೊದಲು ಅದನ್ನು ನೋಡೋಣ. ವಾರಕ್ಕೊಂದರಂತೆ ಆರು ವಾರ ಬಿ12 ಸೂಜಿ ಬರೆದುಕೊಟ್ಟರು. ಕರುಳು ಕೆಟ್ಟ ನಾಯಿಗೆ ಬಿ12 ಮೈಗೆ ಹತ್ತುವುದಿಲ್ಲವಂತೆ. ಆ ಸೂಜಿ ಇಲ್ಲೇ ಹಾಕಿಸಿದೆ.

ಊಟ ಬದಲಿಸುವುದು ಅಂದರೆ ಏನು? ಮೊದಲ ದಾರಿ, ಅಂಗಡಿಯಲ್ಲಿ ಸಿಗುವ ಔಷಧಿ ಆಹಾರ. ಅದರಲ್ಲಿ ಪ್ರೋಟೀನನ್ನು ಎಷ್ಟು ಸಣ್ಣಗೆ ಒಡೆದಿರುತ್ತಾರೆ ಅಂದರೆ ನಾಯಿಯ ಮೈ ಅದನ್ನು ಗುರುತು ಹಿಡಿದು ಜಗಳ ತೆಗೆಯಲಾರದು. ಒಳ್ಳೆಯದೇ. ಆದರೆ ನಮಗೆ ಹೇಳಿದ ಬೆಲೆ 2 ಕೆ.ಜಿ. ಚೀಲಕ್ಕೆ ಎರಡೂವರೆ ಸಾವಿರ. ಕಾಳ್ಯಾನ ಗಾತ್ರದ ನಾಯಿಗೆ ಅದು ಒಂಬತ್ತು ಹತ್ತು ದಿನ. ತಿಂಗಳಿಗೆ ಎಂಟು ಸಾವಿರ ಆಗುತ್ತದೆ. ರೊಟ್ಟಿ ಮಾರಿ ಅಷ್ಟು ಹೊಂದಿಸುವುದು ನಮ್ಮಿಂದ ಆಗದ ಮಾತು.

ಎರಡನೇ ದಾರಿ ಮನೆಯಲ್ಲೇ ಬೇಯಿಸುವುದು. ನಾಯಿ ಈವರೆಗೆ ತಿನ್ನದ ಒಂದೇ ಪ್ರೋಟೀನ್, ಒಂದೇ ಧಾನ್ಯ. ಅಷ್ಟೇ. ಎರಡು ವಾರ ಬೇರೆ ಏನೂ ಬಾಯಿಗೆ ಹೋಗಬಾರದು. ಊಟದಿಂದ ಸರಿಹೋಗುವ ತೊಂದರೆ ಆಗಿದ್ದರೆ ಅಷ್ಟರೊಳಗೆ ಸಾಮಾನ್ಯವಾಗಿ ಗೊತ್ತಾಗುತ್ತದೆ.

ಕಾಳ್ಯಾ ಈವರೆಗೆ ತಿನ್ನದ್ದು ಯಾವುದು ಅಂತ ಲೆಕ್ಕ ಹಾಕಿದೆ. ಹಾಲು ರೊಟ್ಟಿ ದಿನವೂ. ತೊಗರಿ ಬೇಳೆ ಕಟ್ಟು ದಿನವೂ, ತೊಗರಿಯ ನಾಡಲ್ಲವಾ ಇದು. ಕೋಳಿ ನಮ್ಮ ಮನೆಯಲ್ಲಿ ಇಲ್ಲ, ಆದರೆ ಹಿಂದಿನ ಓಣಿಯ ಮನೆಗಳಲ್ಲಿ ಭಾನುವಾರ ಮಸಾಲೆ ಸಮೇತ ತಿಂದು ಬರುತ್ತಿದ್ದ. ಉಳಿದದ್ದು ಮೀನು, ಕುರಿ ಮಾಂಸ, ತತ್ತಿ. ಮಟನ್ ಬೆಲೆ ಕೇಳುವ ಹಾಗೇ ಇಲ್ಲ. ಕೆರೆ ಮೀನು ಅಗ್ಗ, ಆದರೆ ರೋಹು, ಕಾಟ್ಲಾದ ಸೂಜಿಯಂಥ ಮುಳ್ಳು ಒಂದೊಂದಾಗಿ ಆರಿಸುತ್ತ ಕೂತರೆ ರೊಟ್ಟಿ ಬಡಿಯುವವರು ಯಾರು? ತತ್ತಿಯೇ ಗಟ್ಟಿಯಾಯಿತು. ನಾಯಿಗೆ ಬಹಳ ಸುಲಭವಾಗಿ ಜೀರ್ಣ ಆಗುವ ಪ್ರೋಟೀನ್ ಅದು.

ನಮ್ಮದು ತತ್ತಿ ಮುಟ್ಟದ ಮನೆ. ಅತ್ತೆಗೆ ಹೇಗೆ ಹೇಳುವುದು ಅಂತ ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ಅವರ ಮುಂದೆಯೇ ಕಾಳ್ಯಾ ಅಂಗಳದಲ್ಲಿ ಕೂತು ಮುಕ್ಕಿ ಮುಕ್ಕಿ ಕಾಲು ನಡುಗಿ ಬಿದ್ದ. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು, “ಅಡಿಗಿಮನ್ಯಾಗ ಮಾತ್ರ ತರಬ್ಯಾಡವ್ವಾ. ಹಿತ್ತಲದಾಗ ಒಲಿ ಹೂಡು, ಬ್ಯಾರೆ ಡಬರಿ ಇಟ್ಕೊ,” ಅಂದರು. ಅವತ್ತೇ ಹಿತ್ತಲಲ್ಲಿ ಮೂರು ಕಲ್ಲು ಇಟ್ಟೆ.

ಅಳತೆ ಹೇಳುತ್ತೇನೆ. 14 ಕೆ.ಜಿ. ತೂಗಬೇಕಾದ ನಾಯಿಗೆ ದಿನಕ್ಕೆ ಸುಮಾರು 800 ಕ್ಯಾಲೊರಿ ಬೇಕು. ಅದಕ್ಕೆ ನಾನು ಹಿಡಿದ ಲೆಕ್ಕ ಹೀಗಿತ್ತು. ಬೇಯಿಸುವ ಮೊದಲು ತೂಗಿದ ಅಕ್ಕಿ 150 ಗ್ರಾಂ. ತತ್ತಿ ಆರು, ಅದರಲ್ಲಿ ಮೂರು ಇಡೀ, ಮೂರರದ್ದು ಬರೀ ಬಿಳಿ. ಹಳದಿಯಲ್ಲೇ ಕೊಬ್ಬು ಇರುವುದು, ಕೆಟ್ಟ ಕರುಳಿಗೆ ಕೊಬ್ಬು ಜಾಸ್ತಿ ಆಗಬಾರದು, ಅದಕ್ಕೆ ಮೂರರ ಹಳದಿ ತೆಗೆದೆ. ಸಿಹಿಗುಂಬಳದ ತಿರುಳು ಎರಡು ಚಮಚ, ಬೇಯಿಸಿ ಹಿಚುಕಿದ್ದು. ಉಪ್ಪು ಒಂದು ಚಿಟಿಕೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಲೇಕೂಡದು. ಅವು ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ.

ಅಕ್ಕಿಯನ್ನು ನಾವು ಉಣ್ಣುವ ಹಾಗೆ ಉದುರು ಉದುರಾಗಿ ಮಾಡಿದರೆ ಕೆಲಸಕ್ಕೆ ಬಾರದು. ಒಂದಕ್ಕೆ ಐದು ಪಾಲು ನೀರು ಹಾಕಿ, ಅಗುಳು ಬೆರಳಲ್ಲಿ ಒತ್ತಿದರೆ ಬೆಣ್ಣೆಯ ಹಾಗೆ ಹರಡಬೇಕು, ಅಷ್ಟು ಮೆತ್ತಗೆ ಬೇಯಿಸಬೇಕು. ಅಂಗಡಿಯಲ್ಲಿ ಸಿಗುವ ಅಕ್ಕಿ ನುಚ್ಚು ಇನ್ನೂ ಒಳ್ಳೆಯದು. ಬೇಗ ಬೇಯುತ್ತದೆ, ಬೆಲೆಯೂ ಕಡಿಮೆ. ತತ್ತಿ ಹನ್ನೆರಡು ನಿಮಿಷ ಕುದಿಯಲೇಬೇಕು. ಹಸಿ ಬಿಳಿಯಲ್ಲಿರುವ ಒಂದು ಪದಾರ್ಥ ಬಯೋಟಿನ್ ಅನ್ನುವ ಜೀವಸತ್ವವನ್ನು ಕಟ್ಟಿ ಹಾಕುತ್ತದೆ, ಬೆಂದರೆ ಆ ತೊಂದರೆ ಇಲ್ಲ. ಎಲ್ಲ ಆರಿದ ಮೇಲೆ ಕೈಯಿಂದಲೇ ಕಿವುಚಿ ನಾಲ್ಕು ಪಾಲು ಮಾಡುತ್ತಿದ್ದೆ. ಬೆಳಗ್ಗೆ ಆರು, ಹನ್ನೊಂದು, ಸಂಜೆ ನಾಲ್ಕು, ರಾತ್ರಿ ಒಂಬತ್ತು. ಒಂದೇ ಸಲ ಹೊಟ್ಟೆ ತುಂಬ ಹಾಕಿದರೆ ಕೆಟ್ಟ ಕರುಳು ತಡೆಯುವುದಿಲ್ಲ. ಮೊದಲ ಮೂರು ದಿನ ಅಂತೂ ಅರ್ಧ ಅಳತೆ ಅಷ್ಟೇ.

ಖರ್ಚು? 30 ತತ್ತಿಯ ಟ್ರೇ ನನಗೆ 190 ರೂಪಾಯಿಗೆ ಸಿಗುತ್ತಿತ್ತು. ಆರು ತತ್ತಿಗೆ 38, ಅಕ್ಕಿಗೆ 7, ಕುಂಬಳಕ್ಕೆ ಎರಡು ಮೂರು. ದಿನಕ್ಕೆ 50 ರೂಪಾಯಿ ಒಳಗೆ ಮುಗಿಯಿತು. ಉಳಿದ ಹಳದಿ ಓಣಿಯ ಬೆಕ್ಕುಗಳಿಗೆ.

ರೊಟ್ಟಿ ಹಿಟ್ಟಿನ ಎಲೆಕ್ಟ್ರಾನಿಕ್ ಕಾಟಾ ಮನೆಯಲ್ಲೇ ಇತ್ತು. ಆರ್ಡರ್ ಬರೆಯುವ ಪುಸ್ತಕವನ್ನು ಹಿಂದುಮುಂದು ಮಾಡಿ ಕೊನೆಯ ಹಾಳೆಯಿಂದ ಕಾಳ್ಯಾನ ಲೆಕ್ಕ ಶುರು ಮಾಡಿದೆ. ದಿನಕ್ಕೆ ಎಷ್ಟು ಸಲ ಹೋದ, ಹೇಗಿತ್ತು. ಗಟ್ಟಿ ಅಂದರೆ ಒಂದು ಗೆರೆ, ಮೆತ್ತಗೆ ಅಂದರೆ ಎರಡು, ನೀರು ಅಂದರೆ ಮೂರು. ಲೋಳೆ ಇದ್ದರೆ ಪಕ್ಕದಲ್ಲಿ ಒಂದು ಸೊನ್ನೆ. ಅಸಹ್ಯ ಪಡಬೇಡಿ, ಈ ಬರವಣಿಗೆ ಇಲ್ಲದೆ ಏನೂ ಗೊತ್ತಾಗುವುದಿಲ್ಲ. ಸ್ವಲ್ಪ ಸ್ವಲ್ಪವೇ ಹತ್ತಾರು ಸಲ, ಲೋಳೆ, ಮುಕ್ಕುವುದು ಇದ್ದರೆ ತೊಂದರೆ ದೊಡ್ಡ ಕರುಳಿನದು. ರಾಶಿ ರಾಶಿಯಾಗಿ ಹೋಗಿ ಮೈ ಇಳಿಯುತ್ತಿದ್ದರೆ ಸಣ್ಣ ಕರುಳಿನದು. ಕಾಳ್ಯಾನಿಗೆ ಎರಡೂ ಇತ್ತು. ಪುಸ್ತಕ ತೋರಿಸಿದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದ ಹಾಗೆ.

ಅಡುಗೆ ಇದರಲ್ಲಿ ಸುಲಭದ ಭಾಗ. ಓಣಿಯವರನ್ನು ತಡೆಯುವುದೇ ಕಷ್ಟ. ನಮ್ಮ ಕಡೆ ನಾಯಿಗೆ ತುತ್ತು ಹಾಕುವುದು ಅಂದರೆ ಪುಣ್ಯ. ಎದುರು ಮನೆಯ ಕಾಕಾ ಬೆಳಗ್ಗೆ ಚಹಾ ಕುಡಿಯುವಾಗ ಒಂದು ಬಟರ್ ಬಿಸ್ಕಿಟ್ ಅದ್ದಿ ಹಾಕುತ್ತಾರೆ. ಶಾಲೆ ಮಕ್ಕಳು ಬಿಸ್ಕಿಟ್ ಹಾಕುತ್ತಾರೆ. ನಮ್ಮಲ್ಲಿ ರೊಟ್ಟಿ ಬಡಿಯುವ ಯಲ್ಲಮ್ಮಕ್ಕನಂತೂ ಮೊದಲ ರೊಟ್ಟಿ ಕಾಳ್ಯಾನಿಗೆ ಹಾಕದೆ ಎರಡನೆಯದು ಹಂಚಿಗೆ ಹಾಕುವವಳಲ್ಲ. “ಏನವ್ವಾ, ರೊಟ್ಟಿ ಮನ್ಯಾಗಿನ ನಾಯಿಗಿ ರೊಟ್ಟಿ ಇಲ್ಲಂದ್ರ ಹ್ಯಾಂಗ?” ಅಂತ ಕೇಳಿದಳು. ಆಕೆಯನ್ನು ಕರೆದು ಕಾಳ್ಯಾನ ಪಕ್ಕೆಲುಬಿನ ಮೇಲೆ ಕೈ ಇಡಿಸಿದೆ. ಸುಮ್ಮನಾದಳು. ಮನೆ ಮನೆಗೆ ಹೋಗಿ ಹೇಳಿ ಬಂದೆ, 14 ದಿನ ಯಾರೂ ಏನೂ ಹಾಕಬೇಡಿ, ಪ್ರೀತಿ ಇದ್ದರೆ ಮೈ ಸವರಿ ಹೋಗಿ. ಉದ್ದನೆಯ ಹಗ್ಗ ಕಟ್ಟಿದೆ. ಕಸದ ತೊಟ್ಟಿಯ ಕಡೆ ಹೋಗದ ಹಾಗೆ ವಾಕಿಂಗ್‌ಗೆ ನಾನೇ ಅಪ್ಪನ ಕೆರೆ ಕಡೆ ಕರೆದುಕೊಂಡು ಹೋಗುತ್ತಿದ್ದೆ.

ಆರನೇ ದಿನ ಮೂರು ಗೆರೆ ಎರಡಾಯಿತು. ಎಂಟನೇ ದಿನ ರಾತ್ರಿ ಬಾಗಿಲು ಕೆರೆಯಲಿಲ್ಲ. ನನಗೆ ನಿದ್ದೆಯೇ ಬರಲಿಲ್ಲ, ಎದ್ದು ಹೋಗಿ ಉಸಿರಾಡುತ್ತಾನಾ ಅಂತ ನೋಡಿ ಬಂದೆ.

ಒಂಬತ್ತನೇ ದಿನ ಎಳ್ಳ ಅಮಾವಾಸ್ಯೆ. ಮನೆಯವರೆಲ್ಲ ಹೊಲಕ್ಕೆ ಹೊರಟೆವು. ಇವನೊಬ್ಬನನ್ನೇ ಬಿಟ್ಟು ಹೋಗಲು ಮನಸ್ಸಾಗದೆ ಕರೆದುಕೊಂಡು ಹೋದೆ. ನಮ್ಮವರು ಹೊಲದ ತುಂಬ ಚರಗ, ಅಂದರೆ ಭೂತಾಯಿಗೆ ಅರ್ಪಿಸುವ ಹಬ್ಬದ ಅಡುಗೆ, ಚೆಲ್ಲುತ್ತ ಮುಂದೆ ಹೋದರು. ಹಗ್ಗ ಹಿಡಿದ ಹುಡುಗ ಕೈ ಬಿಟ್ಟ. ಚರಗದ ಹಿಂದೆಯೇ ಕಾಳ್ಯಾ! ಭಜ್ಜಿ, ಸಜ್ಜಿ ಕಡಬು, ಅಂಬಲಿ ಬೆರೆಸಿದ ಅನ್ನ, ಕೈಗೆ ಸಿಗುವಷ್ಟರಲ್ಲಿ ಎಲ್ಲ ನೆಕ್ಕಿದ್ದ. ಭಜ್ಜಿಯಲ್ಲಿ ಏನೇನು ಇರುತ್ತದೆ ನಿಮಗೆ ಗೊತ್ತಲ್ಲ, ಹಸಿ ಕಾಳುಗಳೆಲ್ಲ, ಉಳ್ಳಾಗಡ್ಡಿ ತಪ್ಪಲ, ಬಳ್ಳೊಳ್ಳಿ. ಅವತ್ತು ರಾತ್ರಿ ನೀರು, ಲೋಳೆ, ರಕ್ತ. ಮರುದಿನ ಹುಡುಗನನ್ನು ಬೈಯಲಿಲ್ಲ. ಹೊಸ ಹಾಳೆ ತಿರುವಿ ಮತ್ತೆ “ದಿನ 1” ಅಂತ ಬರೆದೆ. ಈ ಪರೀಕ್ಷೆ ಹಾಗೆಯೇ, ನಡುವೆ ತಪ್ಪಿದರೆ ಮೊದಲಿನಿಂದ ಶುರು ಮಾಡಬೇಕು.

ಎರಡನೇ ಸಲ 14 ದಿನ ಪೂರ್ತಿ ಆಯಿತು. ಹನ್ನೊಂದನೇ ದಿನದಿಂದ ಒಂದೇ ಗೆರೆ, ದಿನಕ್ಕೆ ಎರಡೇ ಸಲ. ಉಳಿದಿದ್ದ ಸ್ವಲ್ಪ ಲೋಳೆಗೆ ಡಾಕ್ಟರ್ ಇಸಬ್‌ಗೋಲ್ ಹೇಳಿದರು. ಒಂದು ಸಣ್ಣ ಚಮಚ ಹೊಟ್ಟನ್ನು ನೀರಲ್ಲಿ ಚೆನ್ನಾಗಿ ನೆನೆಸಿ ಊಟದಲ್ಲಿ ಕಲಸಿ ಕೊಟ್ಟೆ. ಒಣಗಿದ್ದನ್ನು ಹಾಗೇ ಹಾಕಬಾರದು. ದೊಡ್ಡ ಕರುಳಿನ ತೊಂದರೆಗೆ ಹತ್ತಿಪ್ಪತ್ತು ರೂಪಾಯಿಯ ಆ ಪೊಟ್ಟಣ ಮಾಡಿದ ಉಪಕಾರ ದೊಡ್ಡದು.

ಒಂದು ಮಾತು ಇಲ್ಲಿ ಒತ್ತಿ ಹೇಳಬೇಕು. ಅನ್ನ ತತ್ತಿ ಎರಡು ವಾರಕ್ಕೆ ಸಾಕು, ತಿಂಗಳುಗಟ್ಟಲೆ ಸಾಲದು. ಅದರಲ್ಲಿ ಸುಣ್ಣದ ಅಂಶ ಬಹಳ ಕಡಿಮೆ, ಸತು, ಅಯೋಡಿನ್ ಕೂಡ ಸಾಲದು. ತತ್ತಿ ಸಿಪ್ಪೆಯನ್ನು ತೊಳೆದು, ಹಂಚಿನ ಮೇಲೆ ಹುರಿದು, ಮಿಕ್ಸಿಯಲ್ಲಿ ಮೈದಾ ಹಿಟ್ಟಿನಷ್ಟು ನುಣ್ಣಗೆ ಮಾಡಿ ದಿನಕ್ಕೆ ಅರ್ಧ ಟೀ ಚಮಚ ಹಾಕುತ್ತೇನೆ. ಅದರಲ್ಲಿ ಸುಮಾರು 1 ಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಅವನಿಗೆ ದಿನಕ್ಕೆ ಬೇಕಾಗುವಷ್ಟು. ಹಂಚು ಮಾತ್ರ ಬೇರೆ, ಅತ್ತೆಗೆ ಕೊಟ್ಟ ಮಾತು. ಕರುಳು ನೆಟ್ಟಗಾದ ಮೇಲೆ ಅರ್ಧ ಚಮಚ ಕುಸುಬಿ ಎಣ್ಣೆ ಸೇರಿಸಿದೆ, ಚರ್ಮ ಕೂದಲಿಗೆ ಬೇಕಾದ ಕೊಬ್ಬು ಅದರಲ್ಲಿದೆ. ಉಳಿದದ್ದಕ್ಕೆ ಡಾಕ್ಟರ್ ಬರೆದುಕೊಟ್ಟ ವಿಟಮಿನ್, ಖನಿಜದ ಪುಡಿ. ಅದನ್ನೂ ಸೇರಿಸಿ ಈಗ ತಿಂಗಳಿಗೆ 1,800 ರೂಪಾಯಿ ಆಗುತ್ತದೆ.

ಆಮೇಲೆ ಒಂದೊಂದಾಗಿ ಹಳೆಯ ತಿನಿಸು ವಾಪಸ್ ಕೊಟ್ಟು ನೋಡಿದೆ, ಒಂದಕ್ಕೂ ಇನ್ನೊಂದಕ್ಕೂ ಹತ್ತು ದಿನ ಬಿಟ್ಟು. ಮೊದಲು ಹಾಲು, ಅರ್ಧ ಲೋಟ. ಮರುದಿನವೇ ಎರಡು ಗೆರೆ, ಅದರ ಮರುದಿನ ಮೂರು. ನಿಲ್ಲಿಸಿದೆ. ಎಷ್ಟೋ ದೊಡ್ಡ ನಾಯಿಗಳಿಗೆ ಹಾಲಿನ ಸಕ್ಕರೆ ಜೀರ್ಣ ಆಗುವುದೇ ಇಲ್ಲವಂತೆ. ಎರಡು ವರ್ಷ ಪ್ರೀತಿಯಿಂದ ಹಾಕಿದ ಹಾಲು! ತೊಗರಿ ಬೇಳೆ ಕಟ್ಟು ಕೊಟ್ಟಾಗ ಹೊಟ್ಟೆ ಗುಡುಗುಟ್ಟಿತು, ವಾಯು, ಮತ್ತೆ ಲೋಳೆ. ಅದೂ ಬಂದ್. ಕೋಳಿ ಕೊಡುವ ಪ್ರಯೋಗಕ್ಕೆ ನಾನು ಹೋಗಲಿಲ್ಲ.

ರೊಟ್ಟಿಯನ್ನು ಕೊನೆಗೆ ಇಟ್ಟುಕೊಂಡಿದ್ದೆ, ಮನಸ್ಸಿನಲ್ಲಿ ಅಳುಕು ಇತ್ತು. ಒಂದು ಅಂಗೈ ಅಗಲದ ಚೂರನ್ನು ಬಿಸಿನೀರಲ್ಲಿ ನೆನೆಸಿ, ಹಿಸುಕಿ ಅನ್ನದಲ್ಲಿ ಬೆರೆಸಿದೆ. ಒಂದೇ ಗೆರೆ. ಮೂರು ದಿನ ನೋಡಿದೆ, ಹತ್ತು ದಿನ ನೋಡಿದೆ, ಒಂದೇ ಗೆರೆ. ಯಲ್ಲಮ್ಮಕ್ಕ ಪುಸ್ತಕ ಇಸಿದುಕೊಂಡು ಆ ಗೆರೆಗಳ ಮೇಲೆ ಬೆರಳಾಡಿಸಿ, “ನಮ್ಮ ರೊಟ್ಟಿದೇನೂ ತಪ್ಪಿಲ್ಲ ನೋಡು,” ಅಂದಳು.

ಬೇಸಿಗೆಯಲ್ಲಿ ಜಾಗ್ರತೆ ಬೇಕು. ಮೇ ತಿಂಗಳ ನಮ್ಮ ಬಿಸಿಲಿಗೆ ಬೆಳಗ್ಗೆ ಕಿವುಚಿಟ್ಟ ಅನ್ನ ಹನ್ನೊಂದಕ್ಕೆಲ್ಲ ಹುಳಿ ವಾಸನೆ ಹೊಡೆಯುತ್ತದೆ. ಎರಡು ಹೊತ್ತು ಬೇಯಿಸಿ, ಉಳಿದ ಪಾಲು ಫ್ರಿಜ್‌ನಲ್ಲಿಟ್ಟು, ಕೊಡುವ ಮೊದಲು ಬಿಸಿ ಮಾಡಿ. ನಾಯಿ ನೀರು ಸಹ ಕುಡಿಯದೆ ಮಂಕಾಗಿ ಮಲಗಿದರೆ, ಪದೇ ಪದೇ ವಾಂತಿ ಮಾಡಿದರೆ, ಸಂಡಾಸು ಡಾಂಬರಿನಂತೆ ಕಪ್ಪಾದರೆ, ಅಥವಾ ಹೊಟ್ಟೆ ನೀರು ತುಂಬಿದಂತೆ ಉಬ್ಬಿದರೆ ಅನ್ನ ತತ್ತಿ ಅಂತ ಮನೆಯಲ್ಲಿ ಕೂರಬೇಡಿ. ಅವತ್ತೇ ಡಾಕ್ಟರ್ ಹತ್ತಿರ ಓಡಿ. ಎರಡು ವಾರ ಕಟ್ಟುನಿಟ್ಟಾಗಿ ಮಾಡಿಯೂ ಒಂದು ಗೆರೆ ಕಡಿಮೆ ಆಗದಿದ್ದರೂ ಅಷ್ಟೇ, ಬೇರೆ ಪ್ರೋಟೀನ್ ನೋಡಬೇಕೋ ಔಷಧಿ ಬೇಕೋ ಅವರೇ ಹೇಳಬೇಕು.

ಕಾಳ್ಯಾ ಈಗ 13 ಕೆ.ಜಿ. 600 ಗ್ರಾಂ. ಹಿಟ್ಟಿನ ಕಾಟಾದ ಮೇಲೆ ಹಿಡಿಸುವುದಿಲ್ಲ, ನಾನು ಎತ್ತಿಕೊಂಡು ಪಕ್ಕದ ಕಿರಾಣಿ ಅಂಗಡಿಯ ದೊಡ್ಡ ಕಾಟಾದ ಮೇಲೆ ನಿಲ್ಲುತ್ತೇನೆ, ಆಮೇಲೆ ನನ್ನ ತೂಕ ಕಳೆಯುತ್ತೇನೆ. ಹನ್ನೊಂದು ಗಂಟೆಗೆ ಕೊನೆಯ ರೊಟ್ಟಿ ಹಂಚಿನಿಂದ ಇಳಿಯುವಾಗ ತಾನೇ ಬಂದು ಹೊಸ್ತಿಲ ಹೊರಗೆ ಕೂರುತ್ತಾನೆ. ಅವನ ಚೂರು ನೆನೆಯುವವರೆಗೆ ಕಾಯುತ್ತಾನೆ. ಮೊನ್ನೆ ನಾನು ಖಾನಾವಳಿಗೆ ರೊಟ್ಟಿ ಕೊಡಲು ಹೊರಟಾಗ ಒಳಗಿನಿಂದ ಅತ್ತೆ ಕೂಗಿ ಹೇಳಿದರು, “ಬರೋವಾಗ ಒಂದು ಟ್ರೇ ತಗೊಂಡು ಬಾ, ಕಾಳ್ಯಾನ ತತ್ತಿ ಮುಗದಾವ.”