ಹಳೆ ಜಾಝ್-ರಾಕ್ ಕ್ಯಾಸೆಟ್ ಹಂಚುವ ಮುಂಚೆ ಹೀಗೆ ಮಾಡಿ

ಸಾಫ್ಟ್ ಮಷೀನ್, ನ್ಯೂಕ್ಲಿಯಸ್, ಕೊಲೋಸಿಯಂ ಥರದ ಹಳೆ ಬ್ರಿಟಿಷ್ ಜಾಝ್-ರಾಕ್ ಬ್ಯಾಂಡ್‌ಗಳ ಲೈವ್ ಕ್ಯಾಸೆಟ್ ನಿಮ್ಮ ಹತ್ರ ಇದ್ದರೆ ಈಗಲೇ ಕಂಪ್ಯೂಟರ್‌ಗೆ ಹಾಕಿಕೊಳ್ಳಿ. ಧಾರವಾಡದ ಮಳೆಗಾಲದ ಥಂಡಿಗೆ ಟೇಪಿನ ಮೇಲೆ ಬೂಷ್ಟು ಬರುತ್ತದೆ. ಬಿಳಿ ಚುಕ್ಕೆ ಕಂಡರೆ ಪ್ಲೇ ಮಾಡಲೇಬೇಡಿ, ಅದು ಡೆಕ್ಕಿಗೂ (ಕ್ಯಾಸೆಟ್ ಪ್ಲೇಯರ್‌ಗೂ) ಹರಡುತ್ತದೆ.

ಟೇಪು ಚೆನ್ನಾಗಿದ್ದರೆ ಡೆಕ್ಕಿನಲ್ಲಿ ಟೇಪು ತಾಗುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದೆ, ಹಿಂದೆ ಸುತ್ತಿ. ಡೆಕ್ಕಿನ ಲೈನ್ ಔಟ್‌ನಿಂದ ಕಂಪ್ಯೂಟರ್‌ಗೆ ವೈರ್ ಕೊಟ್ಟು ಆಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡಿ. ಇಲ್ಲಿ ಅವಸರ ಬೇಡ. ಈ ಸಂಗೀತದಲ್ಲಿ ಮೆಲ್ಲಗಿನ ಎಲೆಕ್ಟ್ರಿಕ್ ಪಿಯಾನೊ ಬೆನ್ನಿಗೇ ಡ್ರಮ್ಸ್ ಅಬ್ಬರಿಸುತ್ತದೆ, ಹಾಗಾಗಿ ಎಲ್ಲಕ್ಕಿಂತ ಜೋರಾದ ಭಾಗ ಹುಡುಕಿ, ಅದು ಆಡಾಸಿಟಿಯ ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ದಾಟದ ಹಾಗೆ ಲೆವೆಲ್ ಇಡಿ. ಸದ್ದು ಮಂಕಾಗಿದ್ದರೆ ಹೆಡ್ಡಿನ ಪಕ್ಕದ ಅಜಿಮತ್ ಸ್ಕ್ರೂ (ಹೆಡ್ಡಿನ ಕೋನ ಸರಿಮಾಡುವ ತಿರುಪು) ಚೂರೇ ಚೂರು ತಿರುಗಿಸಿ ನೋಡಿ. ಎಂಪಿ3 ಬೇಡ, ಸದ್ದಿನ ಗುಣಮಟ್ಟ ಕಳೆಯದ ಫ್ಲಾಕ್ (FLAC) ಫೈಲ್ ಮಾಡಿ. ಟೇಪಿನ ಹಿಸ್ (ಸುಸ್ ಅನ್ನೋ ಸದ್ದು) ಜಾಸ್ತಿ ತೆಗೆಯಲು ಹೋದರೆ ಡ್ರಮ್ಸ್ ಜೊತೆಗಿನ ಸಿಂಬಲ್ ತಟ್ಟೆಗಳ ಸದ್ದಿನ ಹೊಳಪೂ ಹೋಗುತ್ತದೆ, ಸುಮ್ನೆ ಬಿಡಿ.

ನನಗೆ ಮುಖ್ಯ ಅನ್ನಿಸುವುದು ಜೊತೆಗೆ ಬರೆಯುವ ವಿವರ. ಊರು, ತಾರೀಖು, ಯಾರು ಏನು ನುಡಿಸಿದರು, ಎಲ್ಲಾ ಬೇಕು. ಸಾಫ್ಟ್ ಮಷೀನ್‌ನಲ್ಲಿ ಜನ ಬದಲಾಗುತ್ತಲೇ ಇದ್ದರು. ಡ್ರಮ್ಮರ್ ರಾಬರ್ಟ್ ವಯಟ್ 1971ರಲ್ಲಿ ಬ್ಯಾಂಡ್ ಬಿಟ್ಟರು, ಅಂದರೆ ಡ್ರಮ್ಸ್‌ಗೆ ಅವರಿದ್ದರೆ ರೆಕಾರ್ಡಿಂಗ್ ಅದಕ್ಕಿಂತ ಮುಂಚಿನದೇ ಇರಬೇಕು. ನಮ್ಮ ಹುಬ್ಬಳ್ಳಿ-ಧಾರವಾಡದ ಹಿರಿಯರು ಬೈಠಕ್ ನೆನೆಯುವಾಗ ತಬಲಾಕ್ಕೆ ಯಾರಿದ್ದರು, ಮೊದಲು ಯಾವ ರಾಗ ಹಾಡಿದರು ಅಂತೆಲ್ಲಾ ಹೇಳ್ತಾರಲ್ವಾ, ಹಾಗೆ ನಿಮ್ಮ ನೆನಪನ್ನೂ ಬಿಡಿಸಿ ಬರೆಯಿರಿ.

ಆಲ್ಬಮ್ ಆಗಿ ಮಾರಾಟಕ್ಕೆ ಬಂದಿದ್ದನ್ನು ಹಂಚಬೇಡಿ. ಸಾಫ್ಟ್ ಮಷೀನ್‌ನ 1970ರ ಲಂಡನ್ ಪ್ರಾಮ್ಸ್ (ಅಲ್ಲಿನ ವಾರ್ಷಿಕ ಸಂಗೀತೋತ್ಸವ) ಕಾರ್ಯಕ್ರಮ ಹಾಗೆ ಬಂದಿದೆ, ಅದನ್ನು ಕೊಂಡೇ ಕೇಳಿ.