ಅಂಟುವಾಳದ ನೀರು, ಬೋರ್‌ವೆಲ್ ನೀರು, ನಮ್ಮ ಅತ್ತೆ: ಎರಡು ವರ್ಷದ ಒದ್ದಾಟ

"ನೊರೆನೇ ಇಲ್ವಲ್ಲೇ, ಕೊಳೆ ಹೇಗೆ ಹೋಗುತ್ತೆ?" ನಮ್ಮ ಅತ್ತೆ ಇದನ್ನು ಮುನ್ನೂರು ಸಲವಾದರೂ ಕೇಳಿರಬೇಕು. ಹೋದ ತಿಂಗಳು ತಂಗಿ ಮನೆಗೆ ಹೊರಟಾಗ ಅವರೇ ಬ್ಯಾಗಿನಲ್ಲಿ ಅಂಟುವಾಳದ ನೀರಿನ ಒಂದು ಬಾಟಲಿ ಇಟ್ಟುಕೊಂಡು ಹೋದರು. ನನಗೆ ಹೇಳಲಿಲ್ಲ. ಫ್ರಿಜ್ ತೆಗೆದಾಗ ಒಂದು ಬಾಟಲಿ ಕಡಿಮೆ ಇತ್ತು, ಗೊತ್ತಾಯಿತು. ಸರಿ, ಇನ್ನು ಬರೆಯಬಹುದು ಅನಿಸಿತು.

ಅಂಟುವಾಳ ಅಂದರೆ ಏನು ಅಂತ ನಿಮಗೆ ಹೇಳಬೇಕಿಲ್ಲ. ರೇಷ್ಮೆ ಸೀರೆಗೆ, ಚಿನ್ನಕ್ಕೆ ಎಲ್ಲರೂ ಬಳಸಿದವರೇ. ದಿನದ ಬಟ್ಟೆಗೆ, ಅದೂ ಮೆಷಿನ್‌ಗೆ, ತುಮಕೂರಿನ ಬೋರ್‌ವೆಲ್ ನೀರಿನಲ್ಲಿ ಒಗ್ಗಿಸಿಕೊಂಡಿದ್ದು ಹೇಗೆ ಅನ್ನೋದಷ್ಟೇ ನನ್ನ ಕಥೆ. ನಮ್ಮ ನೀರು ಎಂಥದ್ದು ಅಂದರೆ, ಗೀಸರ್ ಕಾಯಿಲ್ ವರ್ಷಕ್ಕೊಮ್ಮೆ ಸುಣ್ಣ ಬಳಿದ ಹಾಗೆ ಆಗುತ್ತದೆ.

ಶುರುವಾಗಿದ್ದು ನನ್ನ ಕೈಯಿಂದ. ಬೆರಳಿನ ಗೆಣ್ಣುಗಳು ಒಡೆದು ರಕ್ತ ಬರುತ್ತಿತ್ತು. ಡಾಕ್ಟರು ಸೋಪಿನ ಪುಡಿ ಮುಟ್ಟಬೇಡಿ, ಗ್ಲೌಸ್ ಹಾಕಿಕೊಳ್ಳಿ ಅಂದರು. ಖರ್ಚೂ ಕಡಿಮೆ ಇರಲಿಲ್ಲ. ಮನೆಯಲ್ಲಿ ಐದು ಜನ, ವಾರಕ್ಕೆ ಐದು ಲೋಡ್. ಎರಡು ಲೀಟರ್ ಲಿಕ್ವಿಡ್ ನಾನೂರ ಇಪ್ಪತ್ತು ರೂಪಾಯಿ, ಐದು ವಾರಕ್ಕೆ ಖಾಲಿ. ವರ್ಷಕ್ಕೆ ನಾಲ್ಕು ಸಾವಿರದ ಮೇಲೆ.

ಮೊದಲು ಆನ್‌ಲೈನ್‌ನಲ್ಲಿ ಸಿಗುವ ಬಟ್ಟೆ ಚೀಲದ ಕಾಯಿ ತರಿಸಿದೆ. ಮುನ್ನೂರ ಐವತ್ತು ಇರಬೇಕು. ಆರು ಸಿಪ್ಪೆ ಚೀಲಕ್ಕೆ ಹಾಕಿ ಮೆಷಿನ್‌ಗೆ ಎಸೆಯಿರಿ ಅಂತ ಬರೆದಿತ್ತು. ಎಸೆದೆ. ಯಜಮಾನರ ಶರ್ಟ್ ಕಾಲರ್ ಹೋದ ಹಾಗೇ ವಾಪಸ್ ಬಂತು. ತಣ್ಣೀರಿನಲ್ಲಿ ನಲವತ್ತು ನಿಮಿಷದಲ್ಲಿ ಸಿಪ್ಪೆ ಏನು ಬಿಡುತ್ತೆ ಹೇಳಿ? ಚೀಲವನ್ನು ಕೈಯಲ್ಲಿ ಹಿಂಡಿ ನೋಡಿದೆ, ಕಾಯಿಯೆಲ್ಲ ಆಗಷ್ಟೇ ಮೆತ್ತಗಾಗಿತ್ತು.

ಹಾಗಾದರೆ ಪುಡಿ ಮಾಡೋಣ ಅಂದುಕೊಂಡೆ. ಮಿಕ್ಸಿ ಮುಚ್ಚಳ ತೆಗೆದದ್ದೇ ತಡ, ಮನೆಯವರಿಗೆಲ್ಲ ಸೀನು. ಬಿಳಿ ಪಂಚೆ ಮೇಲೆ ಕಂದು ಚುಕ್ಕೆ. ಮಾರನೇ ದಿನ ಅದೇ ಜಾರಿನಲ್ಲಿ ಕಾಯಿಚಟ್ನಿ ರುಬ್ಬಿದೆ. ಚೆನ್ನಾಗಿ ತೊಳೆದಿದ್ದೆ, ನಿಜವಾಗಲೂ. ಚಟ್ನಿ ಉಬ್ಬಿಕೊಂಡು ಮೇಲೆ ಬಂತು, ಬಾಯಿಗಿಟ್ಟರೆ ವಿಷದಂಥ ಕಹಿ. ಹೊಸ ಜಾರಿಗೆ ಏಳುನೂರು.

ಮೂರನೆಯದು ಕುದಿಸಿ ಇಟ್ಟುಕೊಳ್ಳುವುದು. ಇದು ಕೆಲಸ ಮಾಡಿತು, ನಾಲ್ಕು ದಿನ. ಮೂರು ಲೀಟರ್ ಮಾಡಿ ಸಿಂಕ್ ಕೆಳಗೆ ಇಟ್ಟಿದ್ದೆ. ಐದನೇ ದಿನ ಮುಚ್ಚಳ ಹಾರಿ, ಹುಳಿ ಹಿಡಿದ ಗಂಜಿಯ ವಾಸನೆ ಅಡುಗೆಮನೆಯಿಡೀ. ನಿಂಬೆರಸ ಹಾಕಿದರೆ ಇನ್ನೂ ಮೂರ್ನಾಲ್ಕು ದಿನ ತಡೆಯುತ್ತದೆ, ಅಷ್ಟೇ. ಈಗ ಎರಡು ಬಾಟಲಿ ಫ್ರಿಜ್‌ನಲ್ಲಿ, ಮಿಕ್ಕಿದ್ದು ಐಸ್ ಟ್ರೇನಲ್ಲಿ ಗಟ್ಟಿ ಮಾಡಿ ಡಬ್ಬಿಗೆ. ಡಬ್ಬಿ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ. ಯಾಕೆ ಅಂತ ನಮ್ಮ ಯಜಮಾನರನ್ನು ಕೇಳಿ, ಅವರ ನಿಂಬೆ ಶರಬತ್ತಿನ ಕಥೆ ಹೇಳುತ್ತಾರೆ.

ಕುದಿಸಿದ ನೀರೂ ನಮ್ಮ ಬೋರ್‌ವೆಲ್ ನೀರಿಗೆ ಸೇರಿದರೆ ಮಂಕಾಗುತ್ತಿತ್ತು. ಸೋಪು ಗಡಸು ನೀರಿನಲ್ಲಿ ಗಸಿ ಕಟ್ಟುತ್ತದೆ, ಇದು ಕಟ್ಟುವುದಿಲ್ಲ, ನಿಜ. ಆದರೆ ಬಟ್ಟೆ ಬಿರುಸಾಗಿ, ಬೂದು ಬಣ್ಣಕ್ಕೆ ತಿರುಗುತ್ತಿತ್ತು. ನಾನು ಇನ್ನಷ್ಟು, ಇನ್ನಷ್ಟು ಸುರಿಯುತ್ತಾ ಹೋದೆ. ಆರು ತಿಂಗಳು ಮಾಡಿದ ದಡ್ಡತನ ಅದು. ಕೆಟ್ಟಿದ್ದು ನೀರು, ನಾನು ಬೈದಿದ್ದು ಕಾಯಿಯನ್ನು.

ದಾರಿ ಸಿಕ್ಕಿದ್ದು ವಾಷಿಂಗ್ ಸೋಡಾದಿಂದ. ಅಡುಗೆ ಸೋಡಾ ಅಲ್ಲ, ಗ್ರಂಧಿಗೆ ಅಂಗಡಿಯಲ್ಲಿ ಕೆಜಿಗೆ ಅರವತ್ತು ರೂಪಾಯಿಗೆ ಸಿಗುತ್ತಲ್ಲ, ಅದು. ನೀರಿನಲ್ಲಿರುವ ಸುಣ್ಣವನ್ನು ಅದು ಕೆಳಗೆ ಕೂರಿಸುತ್ತದೆ. ಜಾಣತನ ಇರುವುದು ಕ್ರಮದಲ್ಲಿ. ಮೊದಲು ಖಾಲಿ ನೀರಿಗೆ ಸೋಡಾ, ಹತ್ತು ನಿಮಿಷ ಬಿಡಿ. ಆಮೇಲೆ ಬಟ್ಟೆ, ಬಿಸಿ ಮಾಡಿದ ಅಂಟುವಾಳದ ನೀರು, ಅರ್ಧ ಗಂಟೆ ನೆನೆ. ಆಮೇಲೆ ಮೆಷಿನ್ ಓಡಿಸಿ. ಎರಡನ್ನೂ ಒಟ್ಟಿಗೆ ಸುರಿದರೆ ನನಗೆ ಆ ಫಲ ಬರಲಿಲ್ಲ. ಸೋಡಾ ಎಷ್ಟು ಅನ್ನೋದನ್ನು ನಿಮ್ಮ ನೀರು ಹೇಳಬೇಕು. ನನಗೆ ಲೋಡಿಗೆ ಗುಡ್ಡೆಯಾಗಿ ತುಂಬಿದ ಎರಡು ಚಿಕ್ಕ ಚಮಚ ಬೇಕು, ಕಾವೇರಿ ನೀರು ಬರುವ ಬೆಂಗಳೂರಿನ ನನ್ನ ನಾದಿನಿಗೆ ಅರ್ಧ ಚಮಚ ಸಾಕು. ರೇಷ್ಮೆ, ಉಣ್ಣೆಗೆ ಸೋಡಾ ಮುಟ್ಟಿಸಲೇಬೇಡಿ.

ಕಷಾಯ ಮಾಡುವುದು ಹೀಗೆ. ಕಾಯನ್ನು ಎರಡು ದಿನ ಒಳ್ಳೆ ಬಿಸಿಲಿಗೆ ಹಾಕಿ, ಗುಂಡುಕಲ್ಲಿನಲ್ಲಿ ಒಂದು ಏಟು. ಒಣಗಿದ್ದರೆ ಕರೀ ಬೀಜ ಟಣ್ ಅಂತ ಹಾರುತ್ತದೆ, ಹಸಿ ಇದ್ದರೆ ಕೈಗೆಲ್ಲ ಬೆಲ್ಲದ ಪಾಕದ ಹಾಗೆ ಅಂಟು. ನೂರು ಗ್ರಾಂ ಸಿಪ್ಪೆಗೆ ಒಂದೂವರೆ ಲೀಟರ್ ಬಿಸಿನೀರು, ರಾತ್ರಿಯಿಡೀ ನೆನೆ, ಬೆಳಿಗ್ಗೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ದೊಡ್ಡ ಪಾತ್ರೆ ಇಡಿ, ಹಾಲಿಗಿಂತ ಜೋರಾಗಿ ಉಕ್ಕುತ್ತದೆ. ತಣ್ಣಗಾದ ಮೇಲೆ ಕಿವುಚಿ ಹಳೇ ಪಂಚೆಯಲ್ಲಿ ಸೋಸಿ. ಒಂದು ಲೀಟರ್ ಸಿಗುತ್ತದೆ, ಎಂಟು ಲೋಡಿಗೆ ಬರುತ್ತದೆ. ಕಣ್ಣಿಗೆ ಸಿಡಿದರೆ ಮೆಣಸಿನಕಾಯಿ ತಗುಲಿದಷ್ಟು ಉರಿ. ಮಿಕ್ಕ ನೀರನ್ನು ಮೀನಿರುವ ತೊಟ್ಟಿಗೆ, ಕೆರೆಗೆ ಚೆಲ್ಲಬೇಡಿ. ಹಿಂದೆ ಇದನ್ನೇ ಹಳ್ಳಕ್ಕೆ ಹಾಕಿ ಮೀನಿಗೆ ಮಂಪರು ಬರಿಸಿ ಹಿಡಿಯುತ್ತಿದ್ದರು.

ಕಾಲರ್‌ಗೆ ಬೇರೆ ಲೇಪ ಇದೆ. ಕಡಲೆಹಿಟ್ಟು, ದಪ್ಪ ಕಷಾಯ, ಇನ್ನೊಂದು ವಸ್ತು. ಆ ಇನ್ನೊಂದು ನನ್ನ ಹತ್ತಿರವೇ ಇರಲಿ.

ನಡುವೆ ಮಾಡಿದ ಬೇರೆ ಪ್ರಯೋಗಗಳೂ ಇವೆ. ಕಿತ್ತಳೆ ಸಿಪ್ಪೆ, ಬೆಲ್ಲ, ನೀರು ಸೇರಿಸಿ ಮೂರು ತಿಂಗಳು ಕೊಳೆಸುವ ಬಯೋ ಎಂಜೈಮ್ ಮಾಡಿದೆ. ನೆಲ ಒರೆಸಲು ಬಹಳ ಚೆಂದ, ಬಟ್ಟೆಗೆ ಸುಮ್ನೆ. ಅಡುಗೆ ಸೋಡಾ ಮತ್ತು ವಿನೆಗರ್ ಒಟ್ಟಿಗೆ ಹಾಕಿದರೆ ಬುಸ್ ಅನ್ನುತ್ತದೆ, ಒಂದನ್ನೊಂದು ತಿಂದು ಮುಗಿಸುತ್ತವೆ, ಕೊಳೆ ಅಲ್ಲೇ ಇರುತ್ತದೆ. ಸೀಗೆಪುಡಿ ಅತ್ತೆಯ ತಿಳಿ ಹಳದಿ ಸೀರೆಗೆ ಮಾಡಿದ್ದನ್ನು ನೆನಪಿಸಬೇಡಿ. ಬೂದಿ ನೀರು ಮಾತ್ರ ನನ್ನನ್ನು ಬೆರಗಾಗಿಸಿತು. ಊರಿನಲ್ಲಿ ಹಂಡೆ ಒಲೆಯ ಬೂದಿಯನ್ನು ಎರಡು ದಿನ ನೆನೆಸಿ ಮೇಲಿನ ತಿಳಿ ತೆಗೆದು ಪಂಚೆ ಒಗೆದೆ. ಅಷ್ಟು ಬಿಳುಪು ಯಾವುದರಲ್ಲೂ ಬಂದಿಲ್ಲ. ಆದರೆ ನನ್ನ ಗೆಣ್ಣು ಮತ್ತೆ ಒಡೆಯಿತು, ತುಮಕೂರಿನಲ್ಲಿ ಬೂದಿ ತರುವುದಾದರೂ ಎಲ್ಲಿಂದ?

ಬಿಳಿ ಬಟ್ಟೆ ವಿಷಯದಲ್ಲಿ ಸುಳ್ಳು ಹೇಳಲ್ಲ. ಅಂಗಡಿ ಪುಡಿಯಲ್ಲಿ ಬಟ್ಟೆ ಹೊಳೆಯುವ ಹಾಗೆ ಕಾಣಿಸುವ ಮದ್ದು ಸೇರಿಸಿರುತ್ತಾರೆ. ಅಂಟುವಾಳದಲ್ಲಿ ಅದಿಲ್ಲ, ಬಿಳಿ ನಿಧಾನಕ್ಕೆ ಕೆನೆ ಬಣ್ಣಕ್ಕೆ ಬರುತ್ತದೆ. ಬಿಸಿನೀರು, ಸೋಡಾ, ಕಡು ಬಿಸಿಲು, ಕೊನೆಗೆ ನಾಲ್ಕು ಹನಿ ನೀಲಿ ಹಾಕಿ ನಡೆಸುತ್ತೇನೆ. ಮಗನ ಶನಿವಾರದ ಬಿಳಿ ಯೂನಿಫಾರ್ಮ್‌ನ ಸಾಕ್ಸ್‌ಗೆ ಈಗಲೂ ಬಾರ್ ಸೋಪೇ. ಆ ಮಣ್ಣಿಗೆ ಮರದ ಕಾಯಿ ಸಾಲದು.

ದುಡ್ಡಿನ ಲೆಕ್ಕ ಬಾಯಲ್ಲೇ ಹೇಳುತ್ತೇನೆ. ವರ್ಷಕ್ಕೆ ಬೀಜ ಸಮೇತ ಆರು ಕೆಜಿ ಕಾಯಿ, ಕೆಜಿಗೆ ನೂರ ಐವತ್ತರಂತೆ ಒಂಬೈನೂರು. ಸೋಡಾ ನಾನೂರರ ಹತ್ತಿರ. ಗ್ಯಾಸು, ನೀಲಿ, ಸಾಕ್ಸಿನ ಸೋಪು ಸೇರಿ ಸಾವಿರದ ಆರುನೂರು ದಾಟಲ್ಲ. ಮೊದಲ ವರ್ಷ ಮಾತ್ರ ಪ್ರಯೋಗ, ಜಾರು ಎಲ್ಲ ಸೇರಿ ಲಿಕ್ವಿಡ್‌ಗಿಂತ ಜಾಸ್ತಿ ಖರ್ಚಾಯಿತು, ಅದನ್ನು ಯಜಮಾನರಿಗೆ ಹೇಳಿಲ್ಲ. ಕೈ ವಾಸಿಯಾಗಿದೆ. ಗ್ಲೌಸ್ ಪಾಲು ಎಷ್ಟೋ, ಕಾಯಿ ಪಾಲು ಎಷ್ಟೋ.

ಒಳ್ಳೆ ಕಾಯಿ ಶಿರಸಿ ಕಡೆಯಿಂದ ಬರುತ್ತದೆ, ಬೇಸಿಗೆ ಹೊತ್ತಿಗೆ, ಒಬ್ಬರ ತೋಟದಿಂದ. ಯಾರ ತೋಟ ಅಂತ ಕೇಳಬೇಡಿ. ಹೋದ ಸಲವೇ ನನಗೆ ನಾಲ್ಕು ಕೆಜಿ ಮಾತ್ರ ಉಳಿದಿತ್ತು, ಈಗ ಅತ್ತೆಯ ತಂಗಿಗೂ ಬೇಕಂತೆ.