ಮಕ್ಕಳ ಕೈಯಲ್ಲಿ ಖಾರಾ ಬಿಸ್ಕತ್ತು

ಅಯ್ಯಂಗಾರ್ ಬೇಕರಿಗಳಲ್ಲಿ ಸಿಗುವ ಖಾರಾ ಬಿಸ್ಕತ್ತು ಮಕ್ಕಳ ಜೊತೆ ಮಾಡಲು ಹೇಳಿ ಮಾಡಿಸಿದ ತಿಂಡಿ. ಮೊಟ್ಟೆ ಬೇಡ, ಈಸ್ಟ್ ಬೇಡ, ಹಿಟ್ಟು ಉಬ್ಬಲಿ ಅಂತ ಕಾಯಬೇಕಿಲ್ಲ. ತೊಡಕು ಒಂದೇ: ಈ ಹಿಟ್ಟು ನಾದಿದಷ್ಟೂ ಗಟ್ಟಿಯಾಗುತ್ತದೆ, ಮಕ್ಕಳಿಗೋ ನಾದುವುದೇ ಖುಷಿ. ಅದಕ್ಕೇ ಯಾವ ಕೆಲಸ ಯಾರ ಕೈಗೆ ಅನ್ನುವುದನ್ನು ನಾನು ಮೊದಲೇ ಹಂಚಿಬಿಡುತ್ತೇನೆ.

ಸುಮಾರು 30 ಬಿಸ್ಕತ್ತಿಗೆ ಮೈದಾ 200 ಗ್ರಾಂ, ತಣ್ಣಗಿನ ಬೆಣ್ಣೆ 100 ಗ್ರಾಂ, ಗಟ್ಟಿ ಮೊಸರು 3 ಟೇಬಲ್ ಚಮಚ, ಸಕ್ಕರೆ ಪುಡಿ 1 ಟೇಬಲ್ ಚಮಚ. ಟೀ ಚಮಚದಲ್ಲಿ ಉಪ್ಪು ಮುಕ್ಕಾಲು, ಬೇಕಿಂಗ್ ಪೌಡರ್ ಅರ್ಧ, ಜೀರಿಗೆ 1, ತುರಿದ ಶುಂಠಿ 1. ಎರಡು ಎಸಳು ಕರಿಬೇವು, ಒಂದು ಸಣ್ಣ ಹಿಡಿ ಕೊತ್ತಂಬರಿ. ಬೆಣ್ಣೆ ಉಪ್ಪು ಹಾಕಿದ್ದಾದರೆ ಉಪ್ಪು ಕಾಲು ಚಮಚಕ್ಕಿಳಿಸಿ. ಹಸಿಮೆಣಸಿನಕಾಯಿಯನ್ನು ಹಿಟ್ಟಿಗೆ ಸೇರಿಸುವುದೇ ಇಲ್ಲ. ಆ ಕೈ ಕಣ್ಣಿಗೆ ಹೋಗದೆ ಇರುವುದಿಲ್ಲ. ದೊಡ್ಡವರ ಪಾಲಿನ ಬಿಸ್ಕತ್ತಿನ ಮೇಲೆ ಓವನ್ನಿಗಿಡುವ ಮುಂಚೆ ಹೆಚ್ಚಿದ ಮೆಣಸಿನಕಾಯಿ ಒತ್ತಿದರಾಯಿತು, ಗುರುತೂ ಸಿಗುತ್ತದೆ.

ಮೂರು ವರ್ಷದವರಿಗೆ ಕರಿಬೇವು, ಕೊತ್ತಂಬರಿ ಬಿಡಿಸುವ ಕೆಲಸ. ತೊಳೆದ ಸೊಪ್ಪನ್ನು ಬಟ್ಟೆಯಲ್ಲಿ ಒತ್ತಿ ಪೂರ್ತಿ ಒಣಗಿಸಿಯೇ ಹೆಚ್ಚಬೇಕು, ತೇವ ಉಳಿದರೆ ಹಿಟ್ಟು ಅಂಟುತ್ತದೆ. ಐದು ದಾಟಿದವರು ತೂಕ ಮಾಡಲಿ. ತಕ್ಕಡಿಯ ಅಂಕಿ 200ಕ್ಕೆ ಬರುವವರೆಗೆ ಚಮಚ ಚಮಚವಾಗಿ ಸುರಿಯುವುದನ್ನು ಅವರು ಬಹಳ ಶ್ರದ್ಧೆಯಿಂದ ಮಾಡುತ್ತಾರೆ.

ಬೆಣ್ಣೆಯನ್ನು ಮೈದಾಗೆ ತಿಕ್ಕುವುದೇ ನಾಜೂಕಿನ ಘಟ್ಟ. ಬೆಣ್ಣೆಯ ಜಿಡ್ಡು ಹಿಟ್ಟಿನ ಕಣಗಳನ್ನು ಸುತ್ತಿಕೊಂಡರೆ ಆಮೇಲೆ ಮೊಸರಿನ ನೀರು ತಗುಲಿದರೂ ಅಷ್ಟಾಗಿ ಜಿಗುಟಾಗುವುದಿಲ್ಲ, ಬಿಸ್ಕತ್ತು ಗರಿಗರಿಯಾಗಿ ಮುರಿಯುತ್ತದೆ. ಮಕ್ಕಳ ಅಂಗೈ ಬಿಸಿ. ಬೆರಳ ತುದಿಯಲ್ಲಷ್ಟೇ ಎರಡು ನಿಮಿಷ ತಿಕ್ಕಿಸಿ, ಉಳಿದದ್ದನ್ನು ನಾನು ಮುಗಿಸುತ್ತೇನೆ. ಪರೀಕ್ಷೆ ನಿಪ್ಪಟ್ಟಿನ ಹಿಟ್ಟಿನದ್ದೇ: ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು. ಉಳಿದದ್ದೆಲ್ಲ ಬೆರೆಸಿ ಮೊಸರು ಹಾಕಿದ ಮೇಲೆ ನಾದಬಾರದು, ಒಟ್ಟುಗೂಡಿಸಿ ಒತ್ತಿದರೆ ಸಾಕು. ನಾದಲೇಬೇಕು ಅಂತ ಹಟ ಹಿಡಿಯುವವರಿಗೆ ಬೇರೆ ಚಪಾತಿ ಹಿಟ್ಟಿನ ಉಂಡೆಯೊಂದನ್ನು ಕೊಟ್ಟುಬಿಡಿ. ಮೊಟ್ಟೆಯಿಲ್ಲದಿದ್ದರೂ ಹಸಿ ಹಿಟ್ಟು ಬಾಯಿಗೆ ಹೋಗಬಾರದು. ಹಸಿ ಮೈದಾದಲ್ಲೂ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು.

ಹಿಟ್ಟು 20 ನಿಮಿಷ ಫ್ರಿಜ್ಜಿನಲ್ಲಿರಲಿ. ಆಮೇಲೆ ಎರಡು ಬಟರ್ ಪೇಪರ್‌ಗಳ ನಡುವೆ ಇಟ್ಟು ಲಟ್ಟಿಸಿದರೆ ಒಣಹಿಟ್ಟು ಉದುರಿಸುವ ಪ್ರಮೇಯವೇ ಬರುವುದಿಲ್ಲ. ಒಣಹಿಟ್ಟಿನ ಡಬ್ಬಿ ಮಕ್ಕಳ ಕೈಗೆ ಸಿಕ್ಕರೆ ಬಿಸ್ಕತ್ತು ಬಿರುಕು ಬಿಡುವುದು ಖಂಡಿತ. ಅವರು ಲಟ್ಟಿಸಿದ್ದು ನಡುವೆ ದಪ್ಪ, ಅಂಚಿನಲ್ಲಿ ತೆಳು. ಬೇಯಿಸಿದರೆ ಅಂಚು ಸೀದು ನಡು ಹಸಿಯಾಗಿಯೇ ಉಳಿಯುತ್ತದೆ. ಹಿಟ್ಟಿನ ಎರಡೂ ಬದಿಗೆ 6-7 ಮಿಲಿಮೀಟರ್ ದಪ್ಪದ ಮರದ ಪಟ್ಟಿ ಇಟ್ಟು, ಲಟ್ಟಣಿಗೆ ಅವುಗಳ ಮೇಲೆ ಉರುಳುವಂತೆ ಮಾಡಿದರೆ ಸಮವಾಗಿ ಬರುತ್ತದೆ. ಅಗಲ ಬಾಯಿಯ ಬಾಟಲಿ ಮುಚ್ಚಳದಿಂದ ಕತ್ತರಿಸಿ, ಫೋರ್ಕಿನಿಂದ ಮೂರು ಕಡೆ ಚುಚ್ಚಲಿ. ಹಬೆ ಹೊರಹೋಗಲು ದಾರಿಯಿರದಿದ್ದರೆ ನಡುವೆ ಬೊಬ್ಬೆ ಏಳುತ್ತದೆ. ನಕ್ಷತ್ರ, ಆನೆಯ ಅಚ್ಚುಗಳು ಈ ಹಿಟ್ಟಿಗೆ ಬೇಡ, ಮೂಲೆ, ಸೊಂಡಿಲು ಮೊದಲು ಕರಿಯಾಗುತ್ತವೆ.

ಓವನ್ನಿನ ಕೆಲಸ ದೊಡ್ಡವರದ್ದು. 170 ಡಿಗ್ರಿಗೆ 10 ನಿಮಿಷ ಮೊದಲೇ ಕಾಯಿಸಿ, ನಡು ಅಂತಸ್ತಿನಲ್ಲಿ 20ರಿಂದ 22 ನಿಮಿಷ. ಅಂಚು ಹೊಂಬಣ್ಣಕ್ಕೆ ತಿರುಗಿದಾಗ ನಡು ಮುಟ್ಟಿದರೆ ಇನ್ನೂ ಮೆತ್ತಗಿರುತ್ತದೆ, ಆಗಲೇ ತೆಗೆಯಬೇಕು. ಆರಿದ ಮೇಲೇ ಗರಿ. ಪೂರ್ತಿ ಆರಿದರೂ ಮೆತ್ತಗಿದ್ದರೆ 150 ಡಿಗ್ರಿಯಲ್ಲಿ ಇನ್ನೈದಾರು ನಿಮಿಷ ಇಡಿ. ಬಿಸಿಯಿದ್ದಾಗಲೇ ಡಬ್ಬಿಗೆ ತುಂಬಿದರೆ ಹಬೆ ಕೂತು ಅಷ್ಟೂ ಮೆತ್ತಗಾಗುತ್ತವೆ.

ಇಷ್ಟು ಮೈದಾ ಬೇಡ ಅನ್ನುವವರು 50 ಗ್ರಾಂ ಕಡಿಮೆ ಮಾಡಿ ಅಷ್ಟೇ ರಾಗಿ ಹಿಟ್ಟು ಹಾಕಬಹುದು. ನಾದಿದಾಗ ಹಿಟ್ಟನ್ನು ಜಿಗುಟಾಗಿಸುವ ಗ್ಲುಟೆನ್ ಅಂಶ ರಾಗಿಯಲ್ಲಿ ಇಲ್ಲದ್ದರಿಂದ ಮಕ್ಕಳು ಸ್ವಲ್ಪ ಹೆಚ್ಚು ಕೈಯಾಡಿಸಿದರೂ ನಡೆಯುತ್ತದೆ. ಆದರೆ ಬಣ್ಣ ನೋಡಿ ಬೆಂದದ್ದು ತಿಳಿಯುವುದಿಲ್ಲ, ಗಡಿಯಾರವನ್ನೇ ನಂಬಬೇಕು.